ಸಲಹೆಗಾರನ ಸತ್ಯಾಣುವ್ರತ

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯ ಧರ್ಮದ ದಿನ, ಬಸದಿಯಲ್ಲಿ ಪ್ರವಚನ ಕೇಳಿ ಮನೆಗೆ ಮರಳಿದಾಗ ನನ್ನ ತಮ್ಮನ ಮಗ ಪಡಸಾಲೆಯಲ್ಲಿ ನನಗಾಗಿ ಕಾದು ಕುಳಿತಿದ್ದನು. ಅವನು ವೃತ್ತಿಯಿಂದ ಹಣಕಾಸು ಸಲಹೆಗಾರ. ನಲವತ್ತು ದಾಟಿದ, ಎರಡು ಮಕ್ಕಳ ತಂದೆ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು ಒಬ್ಬನೇ ವ್ಯವಹಾರ ನಡೆಸುತ್ತಿದ್ದಾನೆ. ಅಂದು ಅವನ ಕೈಯಲ್ಲಿ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಪತ್ರವಿತ್ತು. “ದೊಡ್ಡಪ್ಪ, ಇದನ್ನ ಓದಿ ಒಂದು ಮಾತು ಹೇಳ್ರಿ. ನಾನು ಒಬ್ಬನೇ ಇರಲೋ, ಇವರ ಕೂಡ ಸೇರಲೋ?” ಎಂದನು.

ಅಂದು ನಾನು ಉತ್ತರ ಹೇಳಲಿಲ್ಲ. ಮೇಲುನೋಟಕ್ಕೆ ಅದು ಸಂಬಳ, ಸೌಕರ್ಯಗಳ ಪ್ರಶ್ನೆಯೆಂದು ತೋರಿತು. ಅಂಥ ಪ್ರಶ್ನೆಗೆ ವರ್ತಕನಾದವನು ಐದು ನಿಮಿಷದಲ್ಲಿ ಉತ್ತರ ಹೇಳಬಲ್ಲನು. ಆದರೆ ಪತ್ರವನ್ನು ಎರಡನೆಯ ಸಲ ಓದಿದಾಗ ಇದು ಶ್ರಾವಕನ ಎರಡನೆಯ ಅಣುವ್ರತಕ್ಕೆ, ಅಂದರೆ ಸತ್ಯಾಣುವ್ರತಕ್ಕೆ, ಸೇರಿದ ಪ್ರಶ್ನೆಯೆಂದು ಅನ್ನಿಸಿತು. ನಮ್ಮ ಸಮಾಜದ ಅನೇಕ ತರುಣರು ಇಂದು ಬ್ಯಾಂಕು, ವಿಮೆ, ಷೇರು ಮತ್ತು ಮ್ಯೂಚುವಲ್ ಫಂಡುಗಳ ವ್ಯವಹಾರದಲ್ಲಿದ್ದಾರೆ. ಅವರ ಮಾತನ್ನು ನಂಬಿ ನಾವೂ, ನಮ್ಮ ಬಸದಿಗಳ ಟ್ರಸ್ಟುಗಳೂ ಹಣವನ್ನು ತೊಡಗಿಸುತ್ತೇವೆ. ಆದ್ದರಿಂದ ಒಂದು ಮನೆಯ ವಿಚಾರವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಹಿರಿಯ ವಾಚಕರಿಗಾಗಿ ಈ ವೃತ್ತಿಯ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಹಣ ತೊಡಗಿಸುವ ಬಗೆಗೆ ಮಾತನಾಡುವವರಲ್ಲಿ ಎರಡು ಬಗೆಯವರಿದ್ದಾರೆ. ಮೊದಲನೆಯವನು ಮಾರುವವನು. ಅವನಿಗೆ ಸಂಭಾವನೆ ಬರುವುದು ಫಂಡು ಅಥವಾ ವಿಮೆಯ ಸಂಸ್ಥೆಯಿಂದ. ಎರಡನೆಯವನು ಹೇಳುವವನು. ಅವನಿಗೆ ಶುಲ್ಕ ಕೊಡುವವನು ಕೇಳಲು ಬಂದ ಗ್ರಾಹಕನೇ. ಬಹುಕಾಲ ನಮ್ಮ ದೇಶದಲ್ಲಿ ಮೊದಲನೆಯವನೇ ಎರಡನೆಯವನ ವೇಷವನ್ನೂ ಧರಿಸಿದ್ದನು. ಮ್ಯೂಚುವಲ್ ಫಂಡಿಗೆ ಸೇರುವಾಗಲೇ ಹೂಡಿಕೆದಾರನ ಹಣದಿಂದ ಮುರಿದುಕೊಳ್ಳುತ್ತಿದ್ದ ಪ್ರವೇಶ ಶುಲ್ಕವನ್ನು ಸೆಬಿ ೨೦೦೯ರ ಆಗಸ್ಟ್ ೧ರಿಂದ ನಿಲ್ಲಿಸಿತು. ೨೦೧೩ರ ಜನವರಿಯಿಂದ ವಿತರಕನ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಗಳು ಬಂದವು. ಅದೇ ತಿಂಗಳು ಹೂಡಿಕೆ ಸಲಹೆಗಾರರ ನಿಯಮಾವಳಿಯೂ ಪ್ರಕಟವಾಯಿತು. ೨೦೨೦ರ ತಿದ್ದುಪಡಿಯ ತರುವಾಯ, ವೈಯಕ್ತಿಕವಾಗಿ ನೋಂದಾಯಿತನಾದ ಸಲಹೆಗಾರನು ವಿತರಣೆಯ ಕೆಲಸ ಮಾಡುವಂತಿಲ್ಲ. ಸಂಸ್ಥೆಯಾದರೆ ಎರಡನ್ನೂ ಮಾಡಬಹುದು, ಆದರೆ ಒಬ್ಬನೇ ಗ್ರಾಹಕನಿಗೆ ಎರಡನ್ನೂ ಮಾಡುವಂತಿಲ್ಲ. ವಿಮೆಯಲ್ಲಿ ಬಹುಕಾಲ ಮೊದಲ ವರ್ಷದ ಕಂತಿನಲ್ಲಿ ಶೇಕಡಾ ೩೫ರವರೆಗೂ ಏಜೆಂಟನಿಗೆ ಕೊಡಲು ಅವಕಾಶವಿತ್ತು. ೨೦೨೩ರಿಂದ ಅಂಥ ಬಿಡಿಬಿಡಿ ಮಿತಿಗಳನ್ನು ತೆಗೆದು ಸಂಸ್ಥೆಯ ಒಟ್ಟು ವೆಚ್ಚಕ್ಕೆ ಮಿತಿ ಹಾಕಲಾಗಿದೆ. ದೇಶದಲ್ಲಿ ಫಂಡು ವಿತರಕರು ಲಕ್ಷಕ್ಕೂ ಮಿಕ್ಕಿದ್ದಾರೆ. ಶುಲ್ಕ ಪಡೆದು ಸಲಹೆ ಮಾತ್ರ ಹೇಳುವ ನೋಂದಾಯಿತರು ಸಾವಿರದ ಆಸುಪಾಸಿನಲ್ಲಿದ್ದಾರೆ. ಈ ಅಂತರವೇ ಬಹಳಷ್ಟನ್ನು ಹೇಳುತ್ತದೆ.

ನಮ್ಮ ಹುಡುಗನು ಮೊದಲು ಮಾರುವವನೇ ಆಗಿದ್ದನು. ೨೦೦೬ರಲ್ಲಿ ಒಂದು ಬ್ಯಾಂಕಿನಲ್ಲಿ ಸೇರಿದನು. ೨೦೦೮ರ ಆರಂಭದಲ್ಲಿ, ವಿಧವೆಯಾಗಿದ್ದ ನನ್ನ ತಂಗಿಯ ಮೂರು ಲಕ್ಷ ರೂಪಾಯಿಗಳ ಮುದ್ದತಿನ ಠೇವಣಿ ಮುಗಿಯಿತು. ಅವಳು ಬ್ಯಾಂಕಿಗೆ ಹೋದಳು. ಎದುರಿಗೆ ಕುಳಿತವನು ಸ್ವಂತ ಅಣ್ಣನ ಮಗ. “ವರ್ಷಕ್ಕೊಂದು ಲಕ್ಷ, ಬರೇ ಮೂರು ವರ್ಷ ಕಟ್ಟು ಅತ್ತಿ” ಎಂದು ಹೇಳಿ ಷೇರುಪೇಟೆಗೆ ಕಟ್ಟಿದ ವಿಮಾ ಪಾಲಿಸಿಯೊಂದನ್ನು ಮಾಡಿಸಿದನು. ಮೊದಲ ಕಂತಿನಲ್ಲಿ ದೊಡ್ಡ ಪಾಲು ವೆಚ್ಚವೆಂದು ಕಡಿತವಾಗುವುದನ್ನು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಆ ವರ್ಷವೇ ಪೇಟೆ ಬಿದ್ದಿತು. ೨೦೧೧ರಲ್ಲಿ ಅವಳಿಗೆ ಮರಳಿ ಬಂದದ್ದು ಎರಡು ಲಕ್ಷ ನಲವತ್ತು ಸಾವಿರ ಚಿಲ್ಲರೆ. ಅವನಿಗೆ ಆ ತಿಂಗಳಿನ ಗುರಿ ಮುಟ್ಟಿದ್ದಕ್ಕೆ ಮೂರು ದಿನದ ಗೋವಾ ಪ್ರವಾಸ ದೊರಕಿತ್ತು. ತಂಗಿ ಇಂದಿಗೂ ಆ ಮಾತನ್ನು ಎತ್ತಿಲ್ಲ. ಎತ್ತದೆ ಇರುವುದೇ ಅವನಿಗೆ ಹೆಚ್ಚು ಭಾರವಾಯಿತೆಂದು ಕಾಣುತ್ತದೆ.

ಇಲ್ಲಿ ಅವನು ಸುಳ್ಳು ಹೇಳಿದನೇ? ಮೂರು ವರ್ಷ ಕಟ್ಟಿದರೆ ಸಾಕೆಂಬುದು ಅಂದಿನ ನಿಯಮದಂತೆ ಸುಳ್ಳಲ್ಲ. ಷೇರುಪೇಟೆಯಲ್ಲಿ ಏರಿಳಿತವಿದೆ ಎಂಬುದು ಕಾಗದದಲ್ಲಿ ಅಚ್ಚಾಗಿತ್ತು. ಅವಳ ಸಹಿಯೂ ಇತ್ತು. ಲೌಕಿಕ ನ್ಯಾಯದಲ್ಲಿ ಅವನು ನಿರ್ದೋಷಿ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಐದನ್ನು ಹೆಸರಿಸಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನ್ಯಾಸಾಪಹಾರವು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ನ್ಯಾಸವೆಂದರೆ ಒಬ್ಬನು ನಂಬಿ ಇಟ್ಟ ಒಡವೆ. ಅದನ್ನು ಅಪಹರಿಸುವುದು ಕಳವಲ್ಲವೇ? ಹಾಗಾದರೆ ಅದನ್ನು ಅಚೌರ್ಯವ್ರತದಲ್ಲಿ ಸೇರಿಸದೆ ಸತ್ಯವ್ರತದಲ್ಲಿ ಏಕೆ ಸೇರಿಸಿದರು?

ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಉತ್ತರವಿದೆ. ಇಟ್ಟವನು ತಾನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪುತ್ತಾನೆ. ಅವನು ಕೈಯಿಂದ ಏನನ್ನೂ ಕದ್ದಿಲ್ಲ. ಎದುರಿನವನ ಅಜ್ಞಾನಕ್ಕೆ ಮಾತಿನಿಂದ ಮುದ್ರೆ ಒತ್ತಿದನು, ಅಷ್ಟೇ. ದೋಷವಿರುವುದು ಆ ಒಪ್ಪಿಗೆಯ ಮಾತಿನಲ್ಲಿ. ಆದ್ದರಿಂದಲೇ ಇದು ಸತ್ಯವ್ರತದ ಅತಿಚಾರ. ಹಣಕಾಸಿನ ಸಲಹೆಗಾರನ ಎದುರು ಕುಳಿತ ಗೃಹಸ್ಥನು ಪ್ರತಿದಿನವೂ ಲೆಕ್ಕ ಮರೆತವನೇ. ತನಗೆ ಎಷ್ಟು ಸಲ್ಲಬೇಕು, ಎಷ್ಟು ಯಾರ ಪಾಲಾಗುತ್ತದೆ ಎಂಬುದು ಅವನಿಗೆ ತಿಳಿಯದು. ಅವನು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎನ್ನುವ ಅವಕಾಶ ಈ ವೃತ್ತಿಯಲ್ಲಿ ಇರುವಷ್ಟು ಬೇರೆಲ್ಲಿಯೂ ಇಲ್ಲ.

ಬೇರೆಲ್ಲಿಯೂ ಇಲ್ಲವೆಂದೆ. ಅದು ನಿಜವಲ್ಲ. ನಮ್ಮ ದಲಾಲಿ ಅಂಗಡಿಯಲ್ಲಿಯೂ ಇತ್ತು. ಬಿ.ಕಾಂ. ಮುಗಿಸಿ ತಂದೆಯವರ ಅಂಗಡಿಯಲ್ಲಿ ಕುಳಿತ ಹೊಸತು. ೧೯೮೫ನೆಯ ಇಸವಿ. ಕುಂದಗೋಳದ ಕಡೆಯ ರೈತನೊಬ್ಬನು ಶೇಂಗಾ ತಂದಿದ್ದನು. “ಇವತ್ತ ಕೊಡಲೋ, ಎಂಟು ದಿನ ತಡೀಲೋ?” ಎಂದು ಕೇಳಿದನು. ಅಂದು ಸಂಜೆಯೊಳಗೆ ಒಂದು ಎಣ್ಣೆ ಗಿರಣಿಗೆ ಲಾರಿ ತುಂಬಿಸಿಕೊಡುವುದಾಗಿ ನಾವು ಮಾತು ಕೊಟ್ಟಿದ್ದೆವು. ತಂದೆಯವರು, “ಕೊಟ್ಟುಬಿಡಪ್ಪ, ಮುಂದ ಏನಾಗತೈತೋ ಯಾರು ಕಂಡಾರ” ಎಂದರು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುಂದಿನ ವಾರ ದರ ಏರಿತು. ವ್ಯತ್ಯಾಸವನ್ನು ನಾವು ಆ ರೈತನಿಗೆ ಕೊಡಲಿಲ್ಲ, ಕೊಡಬೇಕೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತಂದೆಯವರು ರಾತ್ರಿಭೋಜನ ಮಾಡದವರು, ನಿತ್ಯ ಸಾಮಾಯಿಕ ತಪ್ಪದವರು. ಆದ್ದರಿಂದ ತಮ್ಮನ ಮಗನ ಬಗೆಗೆ ತೀರ್ಪು ಕೊಡುವ ಮೊದಲು ನಾನು ಆ ಶೇಂಗಾ ಚೀಲಗಳನ್ನು ದಾಟಿ ಹೋಗಬೇಕಾಗುತ್ತದೆ.

೨೦೧೬ರಲ್ಲಿ ಅವನು ಬ್ಯಾಂಕನ್ನು ಬಿಟ್ಟನು. ಮರುವರ್ಷ ನೋಂದಾಯಿತ ಸಲಹೆಗಾರನಾದನು. ಕಮಿಷನ್ ಇಲ್ಲ, ಗುರಿ ಇಲ್ಲ, ಮೇಲಧಿಕಾರಿ ಇಲ್ಲ. ಗ್ರಾಹಕನು ವರ್ಷಕ್ಕೆ ಹನ್ನೆರಡು ಸಾವಿರ ಕೊಡುತ್ತಾನೆ, ಇವನು ತಿಳಿದುದನ್ನು ಹೇಳುತ್ತಾನೆ. ಈಗ ಅವನ ಬಳಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ಸುಮಾರು ಎಪ್ಪತ್ತು ಕುಟುಂಬಗಳಿವೆ. ನಾವೆಲ್ಲ ಹೆಮ್ಮೆಪಟ್ಟೆವು. ಇನ್ನು ಇವನು ಸ್ವತಂತ್ರನಾದನೆಂದು ನಾನೇ ನಾಲ್ಕು ಜನರ ಮುಂದೆ ಹೇಳಿದ್ದುಂಟು.

ಆದರೆ ಪರ್ವದ ದಿನ ಅವನು ನನಗೆ ಹೇಳಿದ ಸಂಗತಿ ಬೇರೆಯೇ ಆಗಿತ್ತು. ೨೦೨೦ರ ಜನವರಿಯಲ್ಲಿ ೪೨,೦೦೦ದ ಹತ್ತಿರವಿದ್ದ ಸೆನ್ಸೆಕ್ಸ್ ಮಾರ್ಚ್ ೨೩ರಂದು ೨೬,೦೦೦ದ ಕೆಳಗಿಳಿಯಿತು. ನಿವೃತ್ತ ಶಿಕ್ಷಕರೊಬ್ಬರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಎಲ್ಲವನ್ನೂ ಮಾರಿಸು ಎಂದು ಒತ್ತಾಯಿಸತೊಡಗಿದರು. ಆ ಹಣ ಅವರಿಗೆ ಹತ್ತು ವರ್ಷ ಬೇಕಾಗಿರಲಿಲ್ಲ. ಮಾರಬಾರದೆಂದು ಇವನಿಗೆ ನಿಶ್ಚಯವಾಗಿ ಗೊತ್ತಿತ್ತು. ಮೊದಲೆರಡು ದಿನ ಹೇಳಿದನು. ಮೂರನೆಯ ದಿನ ಅವರು, “ನೀ ಕೇಳದಿದ್ರ ಬ್ಯಾರೆಯವರ ಕಡೆ ಹೋಗತೇನಿ” ಎಂದರು. ಇವನು ಸುಮ್ಮನಾದನು. “ನಿಮ್ಮ ಇಚ್ಛಾ ಸರ್” ಎಂದು ಮಾರಾಟದ ಕಾಗದ ತುಂಬಿಸಿದನು. ಆ ನವೆಂಬರಿನೊಳಗೆ ಪೇಟೆಯು ಜನವರಿಯ ಮಟ್ಟಕ್ಕೆ ಮರಳಿತ್ತು. ಶಿಕ್ಷಕರು ಮರಳಿರಲಿಲ್ಲ, ಪೇಟೆಗೂ ಇವನ ಬಳಿಗೂ.

“ದೊಡ್ಡಪ್ಪ, ಬ್ಯಾಂಕಿನ್ಯಾಗ ಇದ್ದಾಗ ಮ್ಯಾನೇಜರಗ ಅಂಜತಿದ್ದೆ. ಈಗ ಎಪ್ಪತ್ತು ಮಂದಿಗೆ ಅಂಜತೇನಿ” ಎಂದನು. ಈ ಮಾತನ್ನು ಕೇಳಿದಾಗಲೇ ನನಗೆ ತತ್ತ್ವಾರ್ಥಸೂತ್ರದ ಅದೇ ಅಧ್ಯಾಯದ ಇನ್ನೊಂದು ಪಟ್ಟಿ ನೆನಪಾದುದು. ಸತ್ಯವ್ರತವನ್ನು ದೃಢಪಡಿಸುವ ಐದು ಭಾವನೆಗಳು ಅಲ್ಲಿವೆ: ಕ್ರೋಧದ ತ್ಯಾಗ, ಲೋಭದ ತ್ಯಾಗ, ಭೀರುತ್ವದ ತ್ಯಾಗ, ಹಾಸ್ಯದ ತ್ಯಾಗ, ಮತ್ತು ವಿಚಾರಪೂರ್ವಕವಾಗಿ ಆಡುವ ಮಾತು. ಲೋಭವೂ ಭೀರುತ್ವವೂ ಒಂದರ ಪಕ್ಕದಲ್ಲಿ ಒಂದಿವೆ. ಮನುಷ್ಯನು ಆಸೆಯಿಂದ ಸುಳ್ಳಾಡುವಷ್ಟೇ ಅಂಜಿಕೆಯಿಂದಲೂ ಆಡುತ್ತಾನೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ನಾವು ಪ್ರಾಮಾಣಿಕತೆಯನ್ನು ಕುರಿತು ಮಾತನಾಡುವಾಗ ಲೋಭವನ್ನು ಮಾತ್ರ ಹಿಡಿದು ಬಡಿಯುತ್ತೇವೆ. ಅಂಜಿಕೆಯನ್ನು ಕನಿಕರದಿಂದ ನೋಡಿ ಬಿಟ್ಟುಬಿಡುತ್ತೇವೆ.

ನಾನು ಕಂಡುಕೊಂಡದ್ದು ಇಷ್ಟು. ದೊಡ್ಡ ಸಂಸ್ಥೆಯು ಲೋಭವನ್ನು ಪೋಷಿಸುತ್ತದೆ, ಒಂಟಿತನವು ಭೀರುತ್ವವನ್ನು ಪೋಷಿಸುತ್ತದೆ. ಅನ್ನ ಕೊಡುವವನು ಕಮಿಷನ್ ಕೊಡುವ ಸಂಸ್ಥೆಯಾದರೆ ನಾಲಗೆ ಅತ್ತ ಹೊರಳುತ್ತದೆ. ಅನ್ನ ಕೊಡುವವನು ಎದುರಿಗೆ ಕುಳಿತ ಗ್ರಾಹಕನೇ ಆದರೆ ಅವನಿಗೆ ಹಿತವಾದದ್ದಕ್ಕಿಂತ ಪ್ರಿಯವಾದದ್ದರ ಕಡೆಗೆ ಹೊರಳುತ್ತದೆ. ಸ್ವತಂತ್ರನೆಂದು ಫಲಕ ಬರೆಸಿಕೊಂಡವನು ಸ್ವತಂತ್ರನಾಗಿಬಿಡುವುದಿಲ್ಲ. ‘ಇದು ಬೇಡ’ ಎಂಬ ಮಾತನ್ನು ಹೇಳಿಯೂ ಮರುದಿನ ಒಲೆ ಹೊತ್ತಿಸಬಲ್ಲವನು ಸ್ವತಂತ್ರನು.

ಏಕಾಂಗಿಯಾಗಿರುವುದರ ಬಗೆಗೆ ನಮ್ಮ ಪರಂಪರೆ ಏನು ಹೇಳುತ್ತದೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಪ್ರತಿಯೊಂದು ದ್ರವ್ಯವೂ ಸ್ವತಂತ್ರವೆಂದು ಸಾರುವ ದರ್ಶನ ನಮ್ಮದು. ಬಾರಹ ಭಾವನೆಗಳಲ್ಲಿ ಏಕತ್ವವೂ ಒಂದು. ಇಷ್ಟಾದರೂ ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಏಕಲವಿಹಾರಕ್ಕೆ, ಅಂದರೆ ಮುನಿಯು ಸಂಘವನ್ನು ಬಿಟ್ಟು ಒಬ್ಬನೇ ಸಂಚರಿಸುವುದಕ್ಕೆ, ಎಲ್ಲರಿಗೂ ಅನುಮತಿಯಿಲ್ಲ. ತಪಸ್ಸು, ಶ್ರುತಜ್ಞಾನ, ಸತ್ತ್ವ, ಏಕತ್ವಭಾವನೆ, ದೃಢವಾದ ದೇಹ, ಧೃತಿ ಇವೆಲ್ಲವೂ ಉಳ್ಳ ಅನುಭವಿಗೆ ಮಾತ್ರ ಅದು ಸಲ್ಲುತ್ತದೆ. ಹೊಸಬನು, ಸ್ವೇಚ್ಛಾಚಾರಿಯು ಒಬ್ಬನೇ ತಿರುಗಕೂಡದೆಂದು ಗ್ರಂಥವು ಬಿರುಸಾದ ಮಾತುಗಳಲ್ಲಿ ಎಚ್ಚರಿಸುತ್ತದೆ. ಸರ್ವಸಂಗ ಪರಿತ್ಯಾಗಿಗೇ ಇಷ್ಟು ನಿಯಮವಿರುವಾಗ, ಮನೆಬಾಡಿಗೆ, ಮಕ್ಕಳ ಶಾಲೆಯ ಫೀಸು, ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಅನುಪಾಲನಾ ಆಡಿಟ್ಟು, ಪ್ರತಿ ಗ್ರಾಹಕನ ಕರಾರು ಪತ್ರ, ಇವುಗಳನ್ನೆಲ್ಲ ಒಬ್ಬನೇ ಹೊತ್ತ ಗೃಹಸ್ಥನು ಏಕಲವಿಹಾರಿಯಾಗುವೆನೆಂದರೆ ಅದನ್ನು ಸಾಹಸವೆಂದು ಹೊಗಳುವ ಮೊದಲು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಸಂಸ್ಥೆಯನ್ನು ಸೇರುವುದೇ ಸರಿಯೇ? ಇಲ್ಲಿ ಉಪಮೆಯು ಮುಗ್ಗರಿಸುತ್ತದೆ. ಮುನಿಸಂಘದಲ್ಲಿ ಶಿಷ್ಯನು ತನ್ನ ದೋಷವನ್ನು ಆಚಾರ್ಯರ ಮುಂದೆ ಆಲೋಚನೆ ಮಾಡಿಕೊಂಡು ಪ್ರಾಯಶ್ಚಿತ್ತ ಪಡೆಯುತ್ತಾನೆ. ಶಿಷ್ಯನ ದೋಷದಿಂದ ಆಚಾರ್ಯರಿಗೆ ಯಾವ ಲಾಭವೂ ಇಲ್ಲ. ಹಣಕಾಸು ಸಂಸ್ಥೆಯಲ್ಲಿ ಕೆಳಗಿನವನ ದೋಷದಿಂದಲೇ ಮೇಲಿನವನ ಲಾಭ ಬೆಳೆಯುವ ಸಂಭವವಿದೆ. ಅಂಥಲ್ಲಿ ತಪ್ಪೊಪ್ಪಿಕೊಂಡವನಿಗೆ ಪ್ರಾಯಶ್ಚಿತ್ತದ ಬದಲು ಬಡ್ತಿ ಸಿಗಬಹುದು! ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನೋವಚನಕಾಯಗಳಿಂದಲೂ, ಕೃತ ಕಾರಿತ ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ ನಾವು ನೂರೆಂಟು ಮಣಿಗಳನ್ನು ಎಣಿಸುತ್ತೇವಷ್ಟೆ. ಆಧುನಿಕ ಸಂಸ್ಥೆಯು ಈ ಕೃತ ಕಾರಿತ ಅನುಮತಗಳನ್ನು ಬೇರೆ ಬೇರೆ ಮಹಡಿಗಳಲ್ಲಿ ಕೂಡಿಸಿಬಿಟ್ಟಿದೆ. ಗುರಿ ನಿಗದಿ ಮಾಡುವವನು ಮುಂಬಯಿಯಲ್ಲಿ, ಮಾರುವವನು ಹುಬ್ಬಳ್ಳಿಯಲ್ಲಿ, ವಾರ್ಷಿಕ ವರದಿಗೆ ಕೈಯೆತ್ತುವ ಷೇರುದಾರನು ಎಲ್ಲೆಲ್ಲಿಯೋ. ಪ್ರತಿಯೊಬ್ಬನಿಗೂ ತನ್ನ ಪಾಲಿನ ದೋಷವು ಅತಿ ಸಣ್ಣದಾಗಿ ಕಾಣುತ್ತದೆ. ಆಸ್ರವದ ಲೆಕ್ಕದಲ್ಲಿ ಹಾಗೆ ಪಾಲು ಮಾಡಿ ತಗ್ಗಿಸುವ ಅವಕಾಶವಿಲ್ಲ.

ಇದು ಸಲಹೆಗಾರರ ಮಾತಾಯಿತು. ಕೇಳುವವರಾದ ನಾವು ಶುದ್ಧರೇ? ನಾನು ಸದಸ್ಯನಾಗಿರುವ ಬಸದಿಯ ಟ್ರಸ್ಟಿನ ಸಭೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಸಲಹೆ ಬಂದಿತು. ದತ್ತಿ ಹಣವನ್ನು ಎಲ್ಲೆಲ್ಲಿ ಇಡಬಹುದೆಂಬುದಕ್ಕೆ ಆದಾಯ ತೆರಿಗೆಯ ಕಾನೂನಿನಲ್ಲಿ ಮಿತಿಗಳಿವೆಯಾದ್ದರಿಂದ, ವರ್ಷಕ್ಕೆ ಹದಿನೈದು ಸಾವಿರ ಕೊಟ್ಟು ಯಾರಾದರೂ ನೋಂದಾಯಿತರ ಸಲಹೆ ಪಡೆಯೋಣವೆಂದು. (ತಮ್ಮನ ಮಗನ ಹೆಸರು ಬರದಂತೆ ನಾನು ನೋಡಿಕೊಂಡೆ.) “ಮಾತು ಹೇಳುವುದಕ್ಕೂ ದುಡ್ಡೇ?” ಎಂದು ಸಭೆ ನಕ್ಕಿತು. ಅದೇ ಸಭೆಯಲ್ಲಿ, ಮಹಾವೀರ ಜಯಂತಿಯ ಪಾನಕ, ಕೋಸಂಬರಿಯ ಖರ್ಚನ್ನು ತಾನು ಹೊರುವೆನೆಂದ ಒಬ್ಬ ಹಣಕಾಸು ಪ್ರತಿನಿಧಿಗೆ ವಂದನೆಗಳನ್ನು ಅರ್ಪಿಸಲಾಯಿತು. ಅಲ್ಲಿದ್ದವರಲ್ಲಿ ವಾಣಿಜ್ಯ ಪದವೀಧರರು ನಾಲ್ವರಿದ್ದೆವು. ದ್ವಿನಮೂದು ಪದ್ಧತಿಯಲ್ಲಿ ಎಲ್ಲಿಯೋ ಜಮೆಯಾದದ್ದು ಎಲ್ಲಿಯೋ ಖರ್ಚು ಬಿದ್ದಿರಲೇಬೇಕೆಂಬುದು ಮೊದಲ ವರ್ಷದ ಪಾಠ. ಪುಕ್ಕಟೆಯಾದ ಸಲಹೆಯ ಖರ್ಚು ನಮ್ಮ ಪುಸ್ತಕದಲ್ಲಿ ಎಲ್ಲಿ ಬಿದ್ದಿದೆಯೆಂದು ಒಬ್ಬರೂ ಕೇಳಲಿಲ್ಲ. ಪ್ರಾಮಾಣಿಕನಾಗಿ ಒಬ್ಬನೇ ನಿಂತವನಿಗೆ ಹನ್ನೆರಡು ಸಾವಿರ ಕೊಡಲು ಹಿಂಜರಿದು ಅವನನ್ನು ದೊಡ್ಡ ಸಂಸ್ಥೆಯ ಬಾಗಿಲಿಗೆ ಅಟ್ಟುವವರು ನಾವೇ. ಅನಂತರ ಆ ಸಂಸ್ಥೆಯನ್ನು ನಿಂದಿಸುವವರೂ ನಾವೇ.

ಎಂಟು ದಿನಗಳ ಮೇಲೆ ಅವನನ್ನು ಕರೆಸಿ ನನಗೆ ತೋಚಿದುದನ್ನು ಹೇಳಿದೆ. ಸೇರಬೇಡವೆಂದು ಹೇಳಲಿಲ್ಲ. ಅವನಲ್ಲಿ ಈಗ ಲೋಭಕ್ಕಿಂತ ಅಂಜಿಕೆ ಹೆಚ್ಚಿದೆ. ೨೦೦೮ರಲ್ಲಿ ಹಾಗಿರಲಿಲ್ಲ, ಇನ್ನು ಹತ್ತು ವರ್ಷಕ್ಕೆ ಹೇಗಿರುವುದೋ ಕಾಣೆ. ಅಂಜುವವನಿಗೆ ಬೆನ್ನ ಹಿಂದೆ ನಾಲ್ಕು ಜನ ಬೇಕು. ಮಾರ್ಚ್ ತಿಂಗಳ ಆ ಮೂರನೆಯ ದಿನ ಹಿರಿಯನೊಬ್ಬನು, ‘ಗ್ರಾಹಕ ಹೋದರೆ ಹೋಗಲಿ, ಹೇಳಬೇಕಾದದ್ದನ್ನು ಹೇಳು’ ಎಂದಿದ್ದರೆ ಆ ಶಿಕ್ಷಕರ ಹಣ ಉಳಿಯುತ್ತಿತ್ತೇನೋ. ಆದರೆ ಆ ಸಂಸ್ಥೆಯ ಬಳಗದಲ್ಲಿಯೇ ಫಂಡು, ವಿಮೆಗಳನ್ನು ವಿತರಿಸುವ ಇನ್ನೊಂದು ಕಂಪನಿಯಿದೆ. ಕಾನೂನು ಇಬ್ಬರ ನಡುವೆ ಗೋಡೆ ಕಟ್ಟಿದೆ ನಿಜ. ಗೋಡೆಗೆ ಕಿಟಕಿಗಳಿರುತ್ತವೆಂಬುದನ್ನು ನಲವತ್ತು ವರ್ಷ ಪೇಟೆಯಲ್ಲಿ ಕುಳಿತವನು ಬಲ್ಲನು.

ಆದುದರಿಂದ ಮೂರು ಮಾತುಗಳನ್ನು ಬರವಣಿಗೆಯಲ್ಲಿ ಕೇಳೆಂದೆ. ಅವನ ಸಂಬಳವಾಗಲಿ ಬಡ್ತಿಯಾಗಲಿ ಆ ಇನ್ನೊಂದು ಕಂಪನಿಯ ಮಾರಾಟದೊಂದಿಗೆ ಯಾವ ಸುತ್ತುಬಳಸಿನಿಂದಲೂ ಜೋಡಣೆಯಾಗಕೂಡದು. ಸೇರುವ ಮೊದಲು ಎಪ್ಪತ್ತು ಮನೆಗಳಿಗೂ ತಾನೇ ಹೋಗಿ, ಇನ್ನು ಮುಂದೆ ತನಗೆ ಅನ್ನ ಕೊಡುವವರು ಯಾರೆಂಬುದನ್ನು ತಿಳಿಸಿ, ಒಪ್ಪದವರಿಗೆ ಅವರ ಕಾಗದಪತ್ರಗಳನ್ನು ಮರಳಿಸಲು ಅವಕಾಶವಿರಬೇಕು. ಮೂರನೆಯದು, ಎಂದಾದರೂ ಅವನು ಸಂಸ್ಥೆಯನ್ನು ಬಿಟ್ಟರೆ ಕುಟುಂಬಗಳು ತಮಗೆ ಇಷ್ಟವಾದಲ್ಲಿ ಹೋಗಬಹುದು, ಅವನ ಹಿಂದೆ ಬರಬಾರದೆಂಬ ನಿರ್ಬಂಧವಿರಕೂಡದು. ಅವರು ಇಟ್ಟ ನಂಬಿಕೆ ಇವನ ಬಳಿಯ ನ್ಯಾಸ. ಅದನ್ನು ಇವನು ಮಾರುವಂತಿಲ್ಲ, ಸಂಸ್ಥೆ ಕೊಳ್ಳುವಂತಿಲ್ಲ.

ಮೊದಲನೆಯದಕ್ಕೆ ಒಪ್ಪಿಗೆ ಬಂದಿದೆ. ಎರಡನೆಯದಕ್ಕೂ, ಸ್ವಲ್ಪ ಚೌಕಾಶಿಯ ನಂತರ. ಮೂರನೆಯದು ಅವರ ಕಾನೂನು ವಿಭಾಗದಲ್ಲಿ ಎರಡು ತಿಂಗಳಿಂದ ಪರಿಶೀಲನೆಯಲ್ಲಿದೆಯಂತೆ. ಅದಕ್ಕೆ ಒಪ್ಪದಿದ್ದರೆ, ಧಾರವಾಡದ ಇನ್ನಿಬ್ಬರು ಒಂಟಿ ಸಲಹೆಗಾರರೊಡನೆ ಕೂಡಿ ಒಂದೇ ಕಚೇರಿ ಮಾಡುವ ಆಲೋಚನೆಯೂ ಅವನಿಗಿದೆ. ಮೂವರ ಹಸಿವು ಒಂದೆಡೆ ಸೇರಿದರೆ ಧೈರ್ಯವಾಗುವುದೋ ಹೆಚ್ಚಿನ ಹಸಿವಾಗುವುದೋ ನಾನು ಹೇಳಲಾರೆ.

ಉತ್ತರ ಬರುವವರೆಗೆ ಕಾಯದೆ ಅವನು ಮನೆಗಳಿಗೆ ಹೋಗಲು ತೊಡಗಿದ್ದಾನೆ. ಮೊದಲು ಹೋದದ್ದು ನನ್ನ ತಂಗಿಯ ಮನೆಗೆ. ೨೦೧೭ರಿಂದ ಅವಳೂ ಅವನ ಗ್ರಾಹಕಳು, ಶುಲ್ಕ ಕೊಟ್ಟೇ. ಬೇಡವೆಂದರೂ ಬಿಡಲಿಲ್ಲವಂತೆ. ಅವನು ಎಲ್ಲವನ್ನೂ ವಿವರಿಸಿದನು, ಬೆಂಗಳೂರಿನ ಸಂಸ್ಥೆ, ಬಳಗದ ಇನ್ನೊಂದು ಕಂಪನಿ, ಧಾರವಾಡದ ಇಬ್ಬರು. ಹಿಂದಿನ ವರ್ಷ ಅವನು ಡೆಂಗಿ ಜ್ವರದಿಂದ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ಅವಳಿಗೆ ಕಣ್ಣಿನ ಆಪರೇಶನ್ನಿಗೆ ಹಣ ತೆಗೆಯಬೇಕಾಗಿತ್ತು, ಕೇಳಲು ಯಾರೂ ಇರಲಿಲ್ಲ. ಅವಳು ಸುಮ್ಮನೆ ಕೇಳಿ, ಕೊನೆಗೆ, “ಅದೆಲ್ಲಾ ಇರಲಿ. ನಿನಗ ಆರಾಮ ಇಲ್ಲದಾಗ ನಾ ಯಾರಿಗೆ ಫೋನ್ ಮಾಡಬೇಕಪಾ? ಅವರು ನಿನ್ನಂಗ ಖರೇ ಹೇಳತಾರೇನು?” ಎಂದು ಕೇಳಿದಳಂತೆ.

ಎರಡನೆಯ ಪ್ರಶ್ನೆಯನ್ನು ಕೇಳಿದ ಮೇಲೆ ತನಗೆ ಸ್ವಲ್ಪ ಹೊತ್ತು ಅವಳ ಮುಖ ನೋಡಲಾಗಲಿಲ್ಲವೆಂದು ಅವನು ನನಗೆ ಹೇಳಿದನು.